ಸ್ವಂತದ ಏಳಿಗೆ ಸ್ವಾರ್ಥವೇ?

(ಸಹಕಾರನಗರದಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರಿಗಾಗಿ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಲೇಖನ ರೂಪ)



ನಮ್ಮ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಫಲಿತಾಂಶ ಬಂದ ದಿನ "ಪಕ್ಕದ ಮನೆಯವರ ಮಗನಿಗೆ ಎಷ್ಟು ಬಂತು?" ಎಂದು ಕೇಳುತ್ತೇವೆ. ಚೆನ್ನಾಗಿ ಓದಿದ ಮಗಳು ಸ್ನಾತಕೋತ್ತರ ಪದವಿಗೆ ಸೇರುತ್ತೇನೆ ಎಂದರೆ, "ನಿನ್ನದಷ್ಟೇ ನೋಡಿಕೊಂಡರೆ ಸಾಕೇ? ಮನೆಯವರ ಗತಿಯೇನು?" ಎನ್ನುತ್ತೇವೆ. ಮೊದಲ ಮಾತು ಏಳಿಗೆಯನ್ನು ಪೈಪೋಟಿಯಾಗಿಸಿತು, ಎರಡನೆಯದು ಅದನ್ನು ಸ್ವಾರ್ಥವೆಂದು ಕರೆಯಿತು. ಇವೆರಡರ ನಡುವೆ ನಲುಗುವವರು ನಮ್ಮ ಮಕ್ಕಳು.

ಹಾಗಾದರೆ ಉತ್ತಮನಾಗಲು ಶ್ರಮಿಸುವುದು ಸ್ವಾರ್ಥವೇ? ಈ ಪ್ರಶ್ನೆ ಹಳೆಯದು. ಸದ್ಗುಣಕ್ಕೆ ಅನುಗುಣವಾಗಿ ಬದುಕುವುದೇ ಸುಖವೆಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಬಗೆದನು. ಅವನ ವಿಚಾರಗಳನ್ನು ಅರಗಿಸಿಕೊಂಡು ಅರಬಿಯಲ್ಲಿ ನೀತಿಶಾಸ್ತ್ರ ರಚಿಸಿದ ಇಬ್ನ್ ಮಿಸ್ಕವೈಹ್ (ಮರಣ: ಕ್ರಿ.ಶ. 1030) ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಜನರಿಂದ ದೂರ ಸರಿದು ಗುಹೆ ಸೇರಿದವನು ಸುಖದ ಪೂರ್ಣತೆಯನ್ನು ಮುಟ್ಟಲಾರ ಎಂಬುದು ಅವರ ವಾದ. ಔದಾರ್ಯ ತೋರಲು ಎದುರಿಗೊಬ್ಬ ಬೇಕು, ನ್ಯಾಯ ಪಾಲಿಸಲು ನೆರೆಹೊರೆ ಬೇಕು. ನಮಗೆಲ್ಲ ಪರಿಚಿತವಾದ 'ಇಹ್ಸಾನ್' ಎಂಬ ಪದವನ್ನೇ ನೋಡಿ. ಕೆಲಸವನ್ನು ಚೆನ್ನಾಗಿ ಮಾಡುವುದು, ಪರರಿಗೆ ಒಳಿತು ಮಾಡುವುದು, ಇವೆರಡೂ ಅದರ ಅರ್ಥವೇ.

ಇದು ಗ್ರಂಥದ ಮಾತಾಯಿತು, ಬದುಕಿನಲ್ಲಿ ನಿದರ್ಶನವಿದೆಯೇ? ಈ ಬಡಾವಣೆಯ ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣವಿದೆ. ಈ ನಾಡಿನ ಕೃಷಿ ವಿಜ್ಞಾನದ ಮಾತೆತ್ತಿದರೆ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರನ್ನು (1921–1993) ನೆನೆಯಲೇಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಅವರು ರಾಗಿಯ ತಳಿ ಸುಧಾರಣೆಗೇ ಬದುಕನ್ನು ಮೀಸಲಿಟ್ಟರು. ರಾಗಿಯ ಹೂವು ಅತಿ ಚಿಕ್ಕದು, ಪರಾಗಸ್ಪರ್ಶವನ್ನು ತನ್ನೊಳಗೇ ಮುಗಿಸಿಕೊಳ್ಳುವಂಥದು. ಎರಡು ತಳಿಗಳನ್ನು ಕೂಡಿಸುವುದೆಂದರೆ ಕಣ್ಣು, ಬೆರಳು, ತಾಳ್ಮೆ ಮೂರಕ್ಕೂ ಪರೀಕ್ಷೆ. ಭಾರತದ ಮತ್ತು ಆಫ್ರಿಕದ ರಾಗಿಯನ್ನು ಸಂಕರಿಸಿ ಅವರು ರೂಪಿಸಿದ ತಳಿಗಳಿಗೆ ಆ ಎರಡು ನೆಲಗಳ ಹೆಸರು ಸೇರಿಸಿ 'ಇಂಡಾಫ್' ಎನ್ನಲಾಯಿತು. ಹೊಲದ ಇಳುವರಿ ಏರಿತು, ಬಡವನ ಮುದ್ದೆ ದೊಡ್ಡದಾಯಿತು. ತನ್ನ ಕೆಲಸದಲ್ಲಿ ಹೀಗೆ ಮುಳುಗಿದ ಈ ಮನುಷ್ಯನನ್ನು ಸ್ವಾರ್ಥಿ ಎನ್ನುವವರುಂಟೇ?

ಇನ್ನೊಬ್ಬರು ಡಾ. ಮುಮ್ತಾಝ್ ಅಹ್ಮದ್ ಖಾನ್. ವೈದ್ಯರಾಗಿ ನೆಮ್ಮದಿಯಿಂದ ಬದುಕಬಹುದಾಗಿದ್ದ ಅವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 2021ರಲ್ಲಿ ಅವರು ತೀರಿಕೊಂಡಾಗ ಅದು ಅರ್ಧ ಶತಮಾನ ದಾಟಿ ಬೆಳೆದಿತ್ತು. ಆದರೆ ಗಮನಿಸಿ, ಅವರು ಮೊದಲು ತಾವು ಓದಿದರು. ಓದದೆ ಉಳಿದಿದ್ದರೆ ಸಮುದಾಯಕ್ಕೆ ಏನು ಕೊಡಬಹುದಾಗಿತ್ತು? ಬರಿಗೈಯ ತ್ಯಾಗದಿಂದ ಯಾರ ಹೊಟ್ಟೆಯೂ ತುಂಬದು.

ಹಾಗೆಂದು ಪ್ರತಿಭಾವಂತರೆಲ್ಲ ಪರೋಪಕಾರಿಗಳೆಂದು ನಾನು ಹೇಳುವುದಿಲ್ಲ. ಕಲಿತ ವಿದ್ಯೆಯನ್ನು ಹಣ ಸುಲಿಯಲು ಬಳಸುವವರೂ ಇದ್ದಾರೆ. ವ್ಯತ್ಯಾಸವಿರುವುದು ಅಳತೆಗೋಲಿನಲ್ಲಿ. 'ನಾನು ಮೊದಲಿಗನಾಗಬೇಕು' ಎಂಬುವನಿಗೆ ಇತರರು ಹಿಂದೆ ಬಿದ್ದರೇ ಸಂತೋಷ; ನಾಳೆ ಇನ್ನೊಬ್ಬ ಮುಂದೆ ಹೋದರೆ ಅದೂ ಮುಗಿಯಿತು. 'ನಿನ್ನೆಗಿಂತ ಇಂದು ನನ್ನ ಕೆಲಸ ಚೆನ್ನಾಗಿರಬೇಕು' ಎಂಬುವನ ಸಂತೋಷಕ್ಕೆ ಯಾರ ಸೋಲೂ ಬೇಕಿಲ್ಲ. ಅವನ ಫಲವನ್ನು ಹತ್ತು ಮಂದಿ ಹಂಚಿಕೊಂಡರೂ ಅದು ಕರಗದು.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಫಲಿತಾಂಶದ ದಿನ ನೆರೆಮನೆಯ ಅಂಕ ಕೇಳಬೇಡಿ, ಈ ವರ್ಷ ಏನು ಕಲಿತೆ ಎಂದು ಕೇಳಿ. ಮಗಳ ಓದನ್ನು ಸ್ವಾರ್ಥವೆಂದು ತಡೆಯಬೇಡಿ. ವಿದ್ಯಾರ್ಥಿಗಳೇ, ನೀವು ಚೆನ್ನಾಗಿ ಕಲಿತ ಒಂದು ವಿಷಯವನ್ನು ನಿಮ್ಮ ಬೀದಿಯ ಒಂದು ಮಗುವಿಗೆ ವಾರಕ್ಕೊಂದು ಗಂಟೆ ಹೇಳಿಕೊಡಿ. ಈ ಬಡಾವಣೆಯ ಹೆಸರಿನಲ್ಲೇ ಸಹಕಾರವಿದೆ. ಅದು ನಮ್ಮ ಮನೆಗಳಿಂದ ಆರಂಭವಾಗಲಿ.