ಅರುವತ್ತರ ಮೇಲಿನ ಓದು

‘ಅರುವತ್ತಕ್ಕೆ ಅರಳುಮರಳು’ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬುದು ಮತ್ತೊಂದು. ಈ ಎರಡನ್ನೂ ನಂಬಿ ಕುಳಿತರೆ ವಯಸ್ಸಾದವರು ಕಲಿಯುವ ಮಾತನ್ನೇ ಎತ್ತುವಂತಿಲ್ಲ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟಗಾರನಿಗೆ ಇವನ್ನು ಒಪ್ಪುವುದು ಸ್ವಲ್ಪ ಕಷ್ಟ. ಅವನ ಕಣ್ಣ ಮುಂದಿನ ಮರ ಬೇರೆಯೇ ಮಾತು ಹೇಳುತ್ತದೆ. ನಾಟಿ ತೆಂಗು ಆರೇಳು ವರ್ಷಕ್ಕೆ ಫಲಕ್ಕೆ ಬಂದು, ಅರುವತ್ತು ದಾಟಿದ ಮೇಲೂ ಕಾಯಿ ಬಿಡುತ್ತದೆ. ಅದು ಬಗ್ಗುವುದಿಲ್ಲ, ನಿಜ. ಆದರೆ ಸುಳಿ ಜೀವಂತವಾಗಿರುವವರೆಗೆ, ಸುಮಾರು ತಿಂಗಳಿಗೊಂದರಂತೆ, ಹೊಸ ಗರಿ ಬಿಡುವುದನ್ನು ನಿಲ್ಲಿಸುವುದಿಲ್ಲ. ಮನುಷ್ಯನ ಬುದ್ಧಿಗೂ ಇಂಥದೊಂದು ಸುಳಿ ಇದೆ ಎಂದೇ ನನ್ನ ನಂಬಿಕೆ.

ವಯಸ್ಕರ ಶಿಕ್ಷಣ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನದಲ್ಲಿ 1940ರ ದಶಕದ ಆರಂಭದಲ್ಲಿಯೇ ವಯಸ್ಕರ ಶಿಕ್ಷಣ ಸಮಿತಿ ಕೆಲಸಕ್ಕೆ ತೊಡಗಿತು. ಹೊಸದಾಗಿ ಅಕ್ಷರ ಕಲಿತವರಿಗೆಂದು ಸುಲಭವಾದ ಪುಸ್ತಕಗಳನ್ನೂ ‘ಬೆಳಕು’ ಎಂಬ ಪತ್ರಿಕೆಯನ್ನೂ ಹೊರತಂದಿತು. ಡೆನ್ಮಾರ್ಕ್ ದೇಶದ ಜನತಾ ಶಾಲೆಗಳ ಮಾದರಿಯಲ್ಲಿ, 1947ರಲ್ಲಿ, ನಂಜನಗೂಡಿನಲ್ಲಿ ಹಳ್ಳಿಯ ತರುಣರಿಗಾಗಿ ವಿದ್ಯಾಪೀಠವೊಂದನ್ನು ತೆರೆಯಿತು. ಮುಂದೆ 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂದಿತು; 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂದಿತು. ಇವೆರಡೂ ದೊಡ್ಡ ಕೆಲಸಗಳೇ. ಆದರೆ ಎರಡರ ಕಣ್ಣೂ ಮುಖ್ಯವಾಗಿ ಹದಿನೈದರಿಂದ ಮೂವತ್ತೈದು ವಯಸ್ಸಿನವರ ಮೇಲಿತ್ತು.

ಇದರ ಫಲವೇನಾಯಿತು, ನೋಡೋಣ. 1988ರಲ್ಲಿ ಮೂವತ್ತಾರು ವರ್ಷವಾಗಿದ್ದ ಹೆಣ್ಣುಮಗಳೊಬ್ಬಳು ಒಂದು ವರ್ಷದ ಅಂತರದಲ್ಲಿ ಆ ಗೆರೆಯ ಆಚೆ ಉಳಿದಳು. ಇಂದು ಆಕೆಗೆ ಎಪ್ಪತ್ತು ದಾಟಿದೆ. ಗಂಡ ತೀರಿಕೊಂಡಿದ್ದಾನೆ, ತೋಟ ಆಕೆಯ ಹೆಸರಿಗೆ ಬಂದಿದೆ, ಮಕ್ಕಳು ಬೆಂಗಳೂರು ಸೇರಿದ್ದಾರೆ. ವರ್ಷವಿಡೀ ಅಟ್ಟದ ಮೇಲಿಟ್ಟು ಕಾದ ಕೊಬ್ಬರಿಯನ್ನು ಮಾರಬೇಕು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು. ಅದು ಕೈಗೆ ಬರಬೇಕಾದರೆ ಹೆಸರು ನೋಂದಾಯಿಸಬೇಕು, ಪಹಣಿ ತೋರಿಸಬೇಕು, ಬ್ಯಾಂಕಿನ ಲೆಕ್ಕ ಸರಿಯಿರಬೇಕು. ಎಲ್ಲ ಕಾಗದಕ್ಕೂ ಆಕೆ ಹೆಬ್ಬೆಟ್ಟು ಒತ್ತುತ್ತಾಳೆ. ಏನು ಬರೆದಿದೆ ಎಂಬುದನ್ನು ಮಾತ್ರ ಇನ್ನೊಬ್ಬರ ಬಾಯಿಂದಲೇ ಕೇಳಬೇಕು. ಹೇಳುವವರು ಒಳ್ಳೆಯವರಾದರೆ ಸರಿ. ಆಗದಿದ್ದರೆ? ಈ ವಯಸ್ಸಿನಲ್ಲಿ ಅಕ್ಷರವೆಂದರೆ ತನ್ನ ದುಡಿಮೆಯ ಕಾವಲು.

ಈಗ 2022ರಿಂದ ನಡೆದಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮ ಹದಿನೈದು ದಾಟಿದ ಎಲ್ಲರಿಗೂ ಬಾಗಿಲು ತೆರೆದಿದೆ. ಮೇಲಿನ ಗೆರೆ ಹೋಗಿದೆ. ‘ಇಷ್ಟು ವಯಸ್ಸಾದ ಮೇಲೆ ಅಕ್ಷರ ಹತ್ತೀತೆ?’ ಎನ್ನುವವರಿಗೆ ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮನವರು ಉತ್ತರ ಕೊಟ್ಟಿದ್ದಾರೆ. 2018ರಲ್ಲಿ, ತೊಂಬತ್ತಾರರ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆಗೆ ಕುಳಿತು ನೂರಕ್ಕೆ 98 ಅಂಕ ಪಡೆದರು.

ಕಲಿಕೆ ಅಕ್ಷರಕ್ಕೇ ಮುಗಿಯುವುದೂ ಇಲ್ಲ. ನಲವತ್ತು ವರ್ಷ ತೋಟ ನೋಡಿದವರಿಗೆ ಹೊಸದೇನಿದೆ ಎಂದು ಕೇಳಬಹುದು. 1998ರಲ್ಲಿ ಕೇರಳದಲ್ಲಿ ತೆಂಗಿನ ನುಸಿ ಕಾಣಿಸಿಕೊಂಡು, ಕೆಲವೇ ಕಾಲದಲ್ಲಿ ನಮ್ಮ ತೋಟಗಳಿಗೂ ಹಬ್ಬಿತು. ಬರಿಗಣ್ಣಿಗೆ ಕಾಣದ ಜೀವಿ. ಎಳೆಗಾಯಿಯ ತೊಟ್ಟಿನ ಕೆಳಗೆ ಅಡಗಿ ರಸ ಹೀರುತ್ತದೆ. ಇದು ತಾತಂದಿರ ಅನುಭವದಲ್ಲಿ ಇರಲೇ ಇಲ್ಲ. ಹಿರಿಯರೂ ಮೊದಲ ಪಾಠದಿಂದ ಕಲಿಯಬೇಕಾಯಿತು. ತಿಪಟೂರಿನ ಹತ್ತಿರ ಕೋನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿಗೆ ಹೋಗಿ ಪ್ರಶ್ನೆ ಕೇಳುವುದು ಹುಡುಗರ ಕೆಲಸವೆಂದು ಹಿರಿಯರು ತಿಳಿಯಬಾರದು. ಹಳೆಯ ಅನುಭವವುಳ್ಳವರು ಕೇಳುವ ಪ್ರಶ್ನೆಗೇ ತೂಕ ಹೆಚ್ಚು.

ಇನ್ನು ಪೇಟೆಯ ನಿವೃತ್ತರು. ಅರುವತ್ತಕ್ಕೆ ನೌಕರಿ ಮುಗಿದ ಮೇಷ್ಟರು, ಗುಮಾಸ್ತರು, ನರ್ಸಮ್ಮನವರು ಬೆಳಗಿನ ಪತ್ರಿಕೆ ಓದಿ ಮುಗಿಸಿದ ಮೇಲೆ ಮಾಡುವುದೇನು? ನಿಘಂಟುಕಾರರಾದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದು 1913ರಲ್ಲಿ. ‘ಪ್ರಜಾವಾಣಿ’ಯಲ್ಲಿ ಅವರ ‘ಇಗೋ ಕನ್ನಡ’ ಅಂಕಣ ಪ್ರಾರಂಭವಾದದ್ದು 1991ರಲ್ಲಿ. ಎಂದರೆ ಎಂಬತ್ತರ ಹತ್ತಿರ. ಓದುಗರು ಕಳಿಸಿದ ಒಂದೊಂದು ಪದದ ಬೆನ್ನು ಹತ್ತಿ, ಕಲಿಸುತ್ತಲೇ ತಾವೂ ಕಲಿತರು.

ಫ್ರಾನ್ಸಿನ ತೂಲೂಸ್ ನಗರದಲ್ಲಿ 1973ರಲ್ಲಿ ನಿವೃತ್ತರಿಗೆಂದೇ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾನಿಲಯ’ ಪ್ರಾರಂಭವಾಯಿತು. ಆ ವಿಚಾರ ಇಂಗ್ಲೆಂಡಿಗೆ ಬಂದಾಗ ಇನ್ನಷ್ಟು ಸರಳವಾಯಿತು: ಸಂಬಳದ ಅಧ್ಯಾಪಕರಿಲ್ಲ, ಪರೀಕ್ಷೆಯಿಲ್ಲ, ಪದವಿಯಿಲ್ಲ. ಬಲ್ಲವರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ; ನಾಳೆ ಕೇಳಿದವರೇ ಹೇಳುವವರು. ಇದು ನಮಗೆ ಹೊಸದಾಗಿ ಕಂಡೀತೆ? ಜಗುಲಿಯ ಮೇಲೆ ಭಾರತ ಓದಿಸಿ ಕೇಳಿದ ಊರುಗಳು ನಮ್ಮವು.

ಇದಕ್ಕೆ ಹೊಸ ಕಟ್ಟಡ ಬೇಡ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ವಾರಕ್ಕೆರಡು ಮಧ್ಯಾಹ್ನ, ಅಡಿಗೆ ಮುಗಿದು ದನಕರು ಮನೆಗೆ ಬರುವ ಮುಂಚಿನ ಹೊತ್ತಿನಲ್ಲಿ, ಐದಾರು ಮಂದಿ ಕೂಡಿದರೆ ಸಾಕು. ಮಕ್ಕಳ ಪಾಠದಂತೆ ‘ಅ’ಕಾರದಿಂದಲೇ ಹೊರಡಬೇಕಾಗಿಯೂ ಇಲ್ಲ. ಮೊದಲು ಸ್ವಂತ ಹೆಸರು, ಆಮೇಲೆ ಊರಿನ ಹೆಸರು, ಬಸ್ಸಿನ ಫಲಕ, ತೂಕದ ಚೀಟಿ, ಪಾಸ್‌ಬುಕ್ಕಿನ ಅಂಕಿ. ನಿತ್ಯ ಬೇಕಾದ್ದು ಬೇಗ ನಾಟುತ್ತದೆ. ಹಿರಿಯರನ್ನು ಹುಡುಗರ ಮುಂದೆ ನಗೆಪಾಟಲು ಮಾಡಬಾರದು. ನಾಚಿಕೆಯಿಂದ ಬಿಟ್ಟವರೇ ಹೆಚ್ಚು. ಮತ್ತೊಂದು ಮಾತು: ‘ನನಗೆ ಹತ್ತುವುದಿಲ್ಲ’ ಎನ್ನುವ ಎಷ್ಟೋ ಮಂದಿಗೆ ಬೇಕಾದದ್ದು ಬುದ್ಧಿಯಲ್ಲ, ಒಂದು ಜೊತೆ ಕನ್ನಡಕ.

ನಿಮ್ಮ ಮನೆಯಲ್ಲಿ ಅಜ್ಜಿಯೊಬ್ಬರು ಇದ್ದರೆ, ‘ಇನ್ನೇಕೆ ನಿಮಗೆ?’ ಎನ್ನಬೇಡಿ. ಈ ಸಂಜೆಯೇ ಒಂದು ಸ್ಲೇಟು ತಂದು, ಅವರ ಹೆಸರನ್ನು ದೊಡ್ಡದಾಗಿ ಬರೆದು ಮುಂದಿಡಿ. ಉಳಿದದ್ದನ್ನು ಅವರೇ ಕೇಳುತ್ತಾರೆ.