ಆ ನೂರು ಹೇಗೆ ಬಂತು?



ವ್ಯಾಪಾರದ ನೀತಿಯ ಬಗ್ಗೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಮಾತಾಡಬೇಕೆಂದು ಕೇಳಿದ್ದೀರಿ. ನಾನು 34 ವರ್ಷ ಲೆಕ್ಕ ಪರಿಶೋಧಕನಾಗಿ ಕೆಲಸ ಮಾಡಿದವನು. ನನ್ನ ಬಳಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಪೀಣ್ಯದ ಸಣ್ಣ ಕಾರ್ಖಾನೆಗಳವರು. ಮಾತು ಅಲ್ಲಿಂದಲೇ ಶುರುವಾಗಲಿ.

ಪೀಣ್ಯದಲ್ಲಿ ಒಂದು ಶೆಡ್ಡು. ಎರಡು ಲೇತ್, ಒಂದು ಮಿಲ್ಲಿಂಗ್ ಮಷೀನು, ಏಳು ಜನ ಕೆಲಸಗಾರರು. ಮಾಲೀಕರೂ ಲೇತ್ ಮುಂದೆ ನಿಂತೇ ಮೇಲೆ ಬಂದವರು. ಒಂದು ದೊಡ್ಡ ಕಂಪನಿಗೆ ಶಾಫ್ಟು, ಬುಷ್ಷು ಮಾಡಿಕೊಡುತ್ತಿದ್ದರು. ಒಂದು ತಿಂಗಳ 5ನೇ ತಾರೀಕು ನಾನು ಹೋದಾಗ ಬಿಲ್ಲುಗಳ ಫೈಲು ಬಿಚ್ಚಿಕೊಂಡು ಕೂತಿದ್ದರು. ಪ್ರತಿ ಬಿಲ್ಲಿಗೂ ಡೆಲಿವರಿ ಚಲನ್ ಪಿನ್ ಮಾಡಿತ್ತು. ಪ್ರತಿ ಚಲನ್ ಮೇಲೂ ಆ ಕಂಪನಿಯ ಸ್ಟೋರ್ಸಿನ ನೇರಳೆ ಮೊಹರು: ಮಾಲು ಬಂದಿದೆ, ಸರಿಯಿದೆ. ತೀರಾ ಹಳೆಯ ಬಿಲ್ಲಿಗೆ ಐದು ತಿಂಗಳಾಗಿತ್ತು. ಫೋನು ಮಾಡಿದರೆ ‘ಸಿಸ್ಟಂನಲ್ಲಿ ಹೋಲ್ಡ್ ಆಗಿದೆ, ಮುಂದಿನ ವಾರ ನೋಡೋಣ’ ಎಂಬ ಉತ್ತರ. 7ನೇ ತಾರೀಕಿಗೆ ಸಂಬಳ ಕೊಡಬೇಕು. ಅದೇ ಫೈಲಿನ ಕೊನೆಯಲ್ಲಿ, ನಾಲ್ಕಾಗಿ ಮಡಿಸಿದ ಇನ್ನೊಂದು ಚೀಟಿ ಇತ್ತು. ಹೆಂಡತಿಯ ಬಳೆ ಅಡವಿಟ್ಟ ರಸೀದಿ.

ಮೇಜಿನ ಮೇಲೆ ಅವತ್ತಿನ ಪತ್ರಿಕೆ. ಅದರಲ್ಲಿ ಅದೇ ಕಂಪನಿಯ ಮುಖ್ಯಸ್ಥರು ಹಳ್ಳಿಶಾಲೆಯೊಂದರ ಹೊಸ ಕೊಠಡಿಗಳನ್ನು ಉದ್ಘಾಟಿಸುತ್ತಿರುವ ಚಿತ್ರ. ಶೆಡ್ಡಿನ ಮಾಲೀಕರು ಅದನ್ನು ನನ್ನ ಕಡೆ ತಿರುಗಿಸಿ ಹೇಳಿದರು: “ಸಾರ್, ಈ ಕಟ್ಟಡದ ಇಟ್ಟಿಗೇಲಿ ನನ್ನವೂ ಒಂದಷ್ಟು ಇದಾವೆ. ಕೇಳದೇ ತಗೊಂಡಿದಾರೆ.”

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಇಂದು ಹೇಳಬೇಕೆಂದು ಬಂದಿರುವುದು ಅದನ್ನೇ.

ಕಂಪನಿಗಳು ಹೀಗೆ ಶಾಲೆ ಕಟ್ಟಿಸುವುದರ ಹಿಂದೆ ಒಂದು ಕಾನೂನಿದೆ. ನಮ್ಮ ದೇಶದ ಕಂಪನಿ ಕಾಯ್ದೆ 2013ರಲ್ಲಿ ಹೊಸದಾಗಿ ಬಂತು. ಅದರ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಾಯಿತು. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಪರ್ಸೆಂಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. 2021ರ ಜನವರಿಯಿಂದ ನಿಯಮ ಇನ್ನೂ ಬಿಗಿಯಾಗಿದೆ. ಖರ್ಚಾಗದ ಹಣವನ್ನು ಪ್ರತ್ಯೇಕ ಖಾತೆಗೋ ಸರ್ಕಾರ ಹೆಸರಿಸಿದ ನಿಧಿಗೋ ಹಾಕಲೇಬೇಕು, ತಪ್ಪಿದರೆ ದಂಡ. ಇದನ್ನೇ ನಾವೆಲ್ಲ ಸಿಎಸ್‌ಆರ್ ಎನ್ನುವುದು. ಇದರಿಂದ ಒಳ್ಳೆಯದಾಗಿದೆ, ನಾನು ಅಲ್ಲಗಳೆಯುವುದಿಲ್ಲ. ಶೌಚಾಲಯ ಕಂಡ ಶಾಲೆಗಳಿವೆ, ಹೂಳು ತೆಗೆಸಿಕೊಂಡ ಕೆರೆಗಳಿವೆ.

ಆ ನಿಯಮದೊಳಗೆ ನನಗೆ ಬಹಳ ಇಷ್ಟವಾದ ಒಂದು ಮಾತಿದೆ. ಕಂಪನಿ ತನ್ನ ನೌಕರರಿಗೆ ಮಾತ್ರ ಅನುಕೂಲವಾಗುವಂತೆ ಮಾಡಿದ ಖರ್ಚು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಏಕೆ? ನೌಕರನಿಗೆ ಕೊಡುವುದು ಕೊಡುಗೆಯಲ್ಲ, ಬಾಕಿ. ಋಣ ಬೇರೆ, ದಾನ ಬೇರೆ ಎಂಬುದು ಕಾಯ್ದೆ ಬರೆದವರಿಗೆ ಗೊತ್ತಿತ್ತು. ನಮ್ಮ ಹಿರಿಯರಿಗೂ ಗೊತ್ತಿತ್ತು. ಸಾಲ ತೀರಿಸದೆ ದಾನಕ್ಕೆ ಕೈ ಎತ್ತುವವನನ್ನು ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಕರೆದರು.

2 ಪರ್ಸೆಂಟ್ ಎಲ್ಲಿಗೆ ಹೋಯಿತು ಎಂದು ಕೇಳಲು ಸಮಿತಿಯಿದೆ, ನಮೂನೆಯಿದೆ, ವಾರ್ಷಿಕ ವರದಿಯಲ್ಲಿ ಬಣ್ಣದ ಪುಟಗಳಿವೆ. ಆ ಎರಡು ಯಾವ ನೂರರಿಂದ ಬಂತೋ ಆ ನೂರು ಹೇಗೆ ಬಂತು ಎಂದು ಕೇಳುವ ದನಿ ಮಾತ್ರ ಕ್ಷೀಣವಾಗಿದೆ. ಕಾನೂನು ಕೇಳಿಲ್ಲವೇ ಎಂದರೆ, ಕೇಳಿದೆ. ಅದೇ ಕಾಯ್ದೆಯ 166ನೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್ ತೆಗೆದು ನೋಡಿ. ನಿರ್ದೇಶಕನಾದವನು ಕಂಪನಿಯ ಹಿತದ ಜೊತೆಗೆ ನೌಕರರ, ಷೇರುದಾರರ, ಸಮುದಾಯದ ಹಿತಕ್ಕಾಗಿ, ಪರಿಸರದ ರಕ್ಷಣೆಗಾಗಿ ಸದ್ಭಾವದಿಂದ ನಡೆದುಕೊಳ್ಳಬೇಕು ಎಂದು ಅಲ್ಲಿ ಬರೆದಿದೆ. 135 ಎಲ್ಲರ ಬಾಯಲ್ಲೂ ಇದೆ. 166ನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಭೆಗಳಲ್ಲಿ ಕೇಳಿದ್ದೇನೆ ಎಂದರೆ ಬೆರಳು ಮಡಚಿ ಹೇಳಬಲ್ಲೆ.

ಈ ನೌಕರ, ಗ್ರಾಹಕ, ಮಾಲು ಒದಗಿಸುವವನು, ನೆರೆಹೊರೆಯವನು, ಇವರೆಲ್ಲರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಸ್ಟೇಕ್‌ಹೋಲ್ಡರ್ ಎನ್ನುತ್ತಾರೆ. ನಮ್ಮ ಸರ್ಕಾರಿ ಪತ್ರಗಳಲ್ಲಿ ಅದು ‘ಭಾಗೀದಾರರು’ ಎಂದಾಗಿದೆ. ಆ ಪದ ನನಗೆ ಒಪ್ಪಿಗೆಯಿಲ್ಲ. ಭಾಗೀದಾರನಿಗೆ ಲಾಭದಲ್ಲಿ ಭಾಗವಿರುತ್ತದೆ. ಇಲ್ಲಿ ಎಷ್ಟೋ ಜನರಿಗೆ ಬರುವುದು ನಷ್ಟದ ಭಾಗ ಮಾತ್ರ. ಬದುಕು ಕಂಪನಿಯೊಂದರ ಜೊತೆ ತಳಕು ಹಾಕಿಕೊಂಡವರು ಎಂದರೆ ಸರಿಹೋದೀತು. ಎಡ್ವರ್ಡ್ ಫ್ರೀಮನ್ ಎಂಬ ಅಮೆರಿಕದ ಪ್ರಾಧ್ಯಾಪಕರು ಈ ವಿಚಾರವನ್ನು ಗ್ರಂಥರೂಪದಲ್ಲಿ ಮಂಡಿಸಿದ್ದು 1984ರಲ್ಲಿ. ಅದೇ ವರ್ಷ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯ ಟ್ಯಾಂಕಿನಿಂದ ವಿಷಾನಿಲ ಸೋರಿತು. ಸತ್ತವರಲ್ಲಿ ಹೆಚ್ಚಿನವರು ಆ ಕಂಪನಿಯ ಷೇರು ಕೊಂಡವರಲ್ಲ, ಅಲ್ಲಿ ಕೆಲಸಕ್ಕಿದ್ದವರೂ ಅಲ್ಲ. ಗೋಡೆಯಾಚೆ ಮಲಗಿದ್ದವರು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ಗೋಡೆಯಾಚೆಯ ಆ ಜನರ ಮಕ್ಕಳು ಇವತ್ತಿಗೂ ಔಷಧಿಯ ಸಾಲಿನಲ್ಲಿ ನಿಲ್ಲುತ್ತಿದ್ದಾರೆ.

ಈಗ ನನ್ನ ವೃತ್ತಿಗೇ ಕಳಂಕ ತಂದ ಒಂದು ಪ್ರಕರಣ ಹೇಳಬೇಕು. ನೋವಿನಿಂದಲೇ ಹೇಳುತ್ತೇನೆ.

ಅಪಘಾತವಾದಾಗ ಆಂಬುಲೆನ್ಸಿಗಾಗಿ ನಾವು 108ಕ್ಕೆ ಫೋನು ಮಾಡುತ್ತೇವೆ. ಆ ಸೇವೆಯನ್ನು 2005ರಲ್ಲಿ ಹೈದರಾಬಾದಿನಲ್ಲಿ ಆರಂಭಿಸಿದ್ದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಅವರ ಕುಟುಂಬದ ಸಂಸ್ಥೆ. ಅದು ನಮ್ಮ ರಾಜ್ಯಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಬಂದದ್ದು 2008ರ ನವೆಂಬರ್ 1, ರಾಜ್ಯೋತ್ಸವದ ದಿನ. ಆ ವಾಹನದಿಂದ ಉಳಿದ ಜೀವಗಳು ನಿಜವಾದ ಜೀವಗಳು. ಅದೇ ವರ್ಷ ಸತ್ಯಂಗೆ ಉತ್ತಮ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ ಸಂದಿತು. 2009ರ ಜನವರಿ 7ರಂದು ರಾಜು ಅವರು ನಿರ್ದೇಶಕ ಮಂಡಳಿಗೆ ಪತ್ರ ಬರೆದು, ಬ್ಯಾಂಕಿನಲ್ಲಿದೆ ಎಂದು ಪುಸ್ತಕದಲ್ಲಿ ತೋರಿಸಿದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಷೇರಿನ ಬೆಲೆ ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ 10 ಮಂದಿಗೆ ಜೈಲು ಶಿಕ್ಷೆ ವಿಧಿಸಿತು.

ಬ್ಯಾಂಕಿನಲ್ಲಿ ಹಣವಿದೆಯೇ ಎಂದು ತಿಳಿಯಲು ಲೆಕ್ಕ ಪರಿಶೋಧಕ ಮಾಡಬೇಕಾದ ಕೆಲಸ ಬಹಳ ಸರಳ. ಬ್ಯಾಂಕಿಗೆ ತಾನೇ ಪತ್ರ ಬರೆದು, ಉತ್ತರವನ್ನು ತನ್ನ ಕೈಗೇ ತರಿಸಿಕೊಳ್ಳಬೇಕು. ನಮ್ಮಲ್ಲಿ ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ವರ್ಷವೇ ಹೇಳಿಕೊಡುವ ಪಾಠ ಅದು. ಸತ್ಯಂನಲ್ಲಿ ಠೇವಣಿ ಪತ್ರಗಳೇ ನಕಲಿಯಾಗಿದ್ದವು, ವರ್ಷಗಟ್ಟಲೆ ಅವನ್ನೇ ನಂಬಿ ಸಹಿ ಬಿತ್ತು. ಆ ಜನವರಿಯಲ್ಲಿ ನಾನು ನನ್ನ ಕಚೇರಿಯ ಹಳೆಯ ಫೈಲುಗಳನ್ನೆಲ್ಲ ಇಳಿಸಿ, ಪ್ರತಿ ಬ್ಯಾಂಕ್ ಪತ್ರ ನಮಗೇ ನೇರವಾಗಿ ಬಂದಿದೆಯೇ ಎಂದು ಮತ್ತೆ ನೋಡಿದೆ.

108ನ್ನು ಕೊಟ್ಟ ಕೈಯೇ ಸತ್ಯಂನ ಆ ಸುಳ್ಳು ಲೆಕ್ಕವನ್ನೂ ಬರೆಯಿತು. ಆ ದಾನ ಸುಳ್ಳಾಗಿರಲಿಲ್ಲ. ದಾನವನ್ನು ಕಂಡು ನಾವು ಗಳಿಕೆಯನ್ನು ನೋಡುವುದು ಬಿಟ್ಟೆವಲ್ಲ, ತಪ್ಪಾದದ್ದು ಅಲ್ಲಿ.

ಮೋಸ ಇಷ್ಟು ದೊಡ್ಡದಾಗಿಯೇ ಇರಬೇಕಿಲ್ಲ. 417 ರೂಪಾಯಿಯ ಕತೆ ಕೇಳಿ. 2020ರ ಏಪ್ರಿಲ್‌ನಿಂದ ನಮ್ಮ ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿಯಷ್ಟು ಏರಬೇಕಿತ್ತು. ಕೊರೊನಾ ಕಾಲ, ಸರ್ಕಾರ ಏರಿಕೆಯನ್ನು ಮುಂದಕ್ಕೆ ಹಾಕಿತು. ಬಾಕಿ ಸಮೇತ ಕೊಡಬೇಕೆಂದು ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಹೇಳಿತು. ಆದರೂ ಬಹಳ ಕಾರ್ಖಾನೆಗಳು ಕೊಡಲಿಲ್ಲ. ಸುಮಾರು ಎರಡು ವರ್ಷ ಕಳೆದು, ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳ ಮೇಲೆ ಒತ್ತಡ ಬಿದ್ದ ಮೇಲೆ ಹಣ ಕೈಗೆ ಬರತೊಡಗಿತು. ಈ ಬಾಕಿಯಿಂದ ತೊಂದರೆಗೊಳಗಾದವರು ನಾಲ್ಕು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು. ಬೆಳಿಗ್ಗೆ ಎಂಟರ ಮುಂಚೆ ಮೈಸೂರು ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಟೆಂಪೊಗಳಲ್ಲಿ ನಿಂತು ಹೋಗುವ ಅವರನ್ನು ನೀವೆಲ್ಲ ನೋಡಿದ್ದೀರಿ. 417 ರೂಪಾಯಿ ಎಂದರೆ ಅವರಿಗೆ ಹದಿನೈದು ದಿನದ ಹಾಲು.

ಗಳಿಕೆ ಹೇಗೆ ಬಂತು ಎಂಬ ಪ್ರಶ್ನೆ ನಮಗೆ ಹೊಸದಲ್ಲ. ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮನ ಕತೆ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ಇಬ್ಬರೂ ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಪ್ಪಲಿಲ್ಲ, ಮರಳಿ ಅಲ್ಲಿಯೇ ಸುರಿದು ಬಾ ಎಂದಳು. ಆಸೆ ಪಡಬಾರದು ಎಂಬ ಪಾಠವಾಗಿ ಇದನ್ನು ನಮಗೆ ಹೇಳಿಕೊಟ್ಟರು. ನಾನು ಇದರಲ್ಲಿ ಇನ್ನೊಂದನ್ನೂ ಕಾಣುತ್ತೇನೆ. ಹೆಚ್ಚು ಅಕ್ಕಿಯಿದ್ದರೆ ಹೆಚ್ಚು ಜನಕ್ಕೆ ಉಣಬಡಿಸಬಹುದಿತ್ತಲ್ಲ? ಆ ಸಮಾಧಾನ ಅವಳಿಗೆ ಸಾಕಾಗಲಿಲ್ಲ. ಅಕ್ಕಿ ಎಲ್ಲಿಗೆ ಹೋಗುತ್ತದೆ ಎಂಬುದಕ್ಕಿಂತ ಮೊದಲು ಹೇಗೆ ಬಂತು ಎಂದು ಕೇಳಿದಳು. ಕಾಯಕ ಶುದ್ಧವಾಗಿರದೆ ದಾಸೋಹವಿಲ್ಲ ಎಂಬುದನ್ನು ಆ ಬಡ ಹೆಂಗಸು ಹನ್ನೆರಡನೇ ಶತಮಾನದಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ವ್ಯಾಪಾರ ಮಾಡಿಯೂ ಹೀಗೆ ಬದುಕಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಉಡುಪಿಗೆ ಹೋಗೋಣ. 1925ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದವರಿಗೆ ಕಷ್ಟಕಾಲ, ಅವರಿಗೆ ನೆರವಾಗುವುದು ಬ್ಯಾಂಕಿನ ಒಂದು ಉದ್ದೇಶ. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ದಿನಕ್ಕೆ ಎರಡಾಣೆಯೂ ಸಾಕು. ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚಪಡುವವರ ಬಾಗಿಲಿಗೆ ಏಜೆಂಟರೇ ಹೋಗುತ್ತಿದ್ದರು. ನಮ್ಮೂರ ಪೇಟೆಯಲ್ಲಿ ಸಂಜೆಯಾದರೆ ಪಿಗ್ಮಿಯವರು ಸೈಕಲ್ಲಿನಲ್ಲಿ ಬರುತ್ತಿದ್ದದ್ದು ನನಗೆ ನೆನಪಿದೆ. ಹೂವಿನ ಅಂಗಡಿಯ ಅಜ್ಜಿ ಸೆರಗಿನ ಗಂಟಿನಿಂದ ನಾಣ್ಯ ತೆಗೆದು ಕೊಡುತ್ತಿದ್ದರು, ಪಿಗ್ಮಿಯವರು ಕಾರ್ಡಿನಲ್ಲಿ ಬರೆದು ತೋರಿಸುತ್ತಿದ್ದರು. ಅಜ್ಜಿಗೆ ಓದು ಬಾರದು, ಆದರೂ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿಯೇ ಒಳಗಿಡುತ್ತಿದ್ದರು. ಅದು ಲಾಭದಲ್ಲಿ ಒಂದು ತುಣುಕು ಕತ್ತರಿಸಿ ಕೊಟ್ಟ ಉಪಕಾರವಲ್ಲ. ವ್ಯಾಪಾರವೇ ಹಾಗಿತ್ತು. ಬ್ಯಾಂಕೂ ಬೆಳೆಯಿತು, ಅಜ್ಜಿಯ ಮೊಮ್ಮಗಳ ಮದುವೆಯೂ ಆಯಿತು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಕನ್ನಡದಲ್ಲಿ ಉಳಿದಿದೆ.

ಮತ್ತೆ ಆ ಶೆಡ್ಡಿಗೆ ಬರುತ್ತೇನೆ. 2006ರ ಸಣ್ಣ ಉದ್ಯಮಗಳ ಕಾಯ್ದೆ ಸ್ಪಷ್ಟವಾಗಿದೆ. ಅಂಥವರಿಂದ ಮಾಲು ಕೊಂಡರೆ ಒಪ್ಪಂದ ಏನೇ ಇರಲಿ, 45 ದಿನದೊಳಗೆ ಹಣ ಕೊಡಬೇಕು. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ: ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಹಣ ಕೊಡುವ ತನಕ ಅದನ್ನು ಖರ್ಚೆಂದು ಕಳೆಯುವಂತಿಲ್ಲ. ಹಾಗಿದ್ದರೆ ಆ ಮಾಲೀಕರು ದೂರು ಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. “ದೂರು ಕೊಟ್ರೆ ದುಡ್ಡು ಬರುತ್ತೆ ಸಾರ್, ಮುಂದಿನ ಆರ್ಡರ್ ಬರಲ್ಲ” ಎಂದರು. ಕಾನೂನು ಬಲಹೀನನ ಕೈಗೆ ಕತ್ತಿ ಕೊಟ್ಟಿದೆ, ಅದನ್ನು ಎತ್ತಿದರೆ ಮೊದಲು ಕೊಯ್ಯುವುದು ಅವನದೇ ಅನ್ನವನ್ನು. ಅದಕ್ಕೇ ನೀತಿ ಬೇಕಾಗಿರುವುದು ಬಲಶಾಲಿಯ ಕಡೆ.

ದೊಡ್ಡ ಕಂಪನಿಗಳಿಗೂ ಹಣದ ಅಡಚಣೆ ಇರುತ್ತದೆ ಎಂಬ ವಾದವಿದೆ. ಇರಬಹುದು. ಆದರೆ ಸಿಎಸ್‌ಆರ್ ಕೊಡುವುದು ಲಾಭದಿಂದ. ಮೂರು ವರ್ಷದ ಸರಾಸರಿ ಲಾಭದಲ್ಲಿ ಶಾಲೆ ಕಟ್ಟಿಸಬಲ್ಲ ಕಂಪನಿಗೆ ಲೇತ್ ತಿರುಗಿಸುವವನ ಬಿಲ್ಲಿಗೆ ಹಣವಿಲ್ಲ ಎಂಬುದನ್ನು, ಲೆಕ್ಕ ನೋಡಿದ ನಾನು ಒಪ್ಪಲಾರೆ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮಲ್ಲಿ ಹಲವರ ಬಳಿ ಷೇರುಗಳಿವೆ. ಈ ಬಾರಿ ವಾರ್ಷಿಕ ವರದಿ ಬಂದಾಗ ಸಿಎಸ್‌ಆರ್ ಪುಟಕ್ಕೆ ಮುಂಚೆ ಹಿಂದಿನ ಟಿಪ್ಪಣಿಗಳಲ್ಲಿ ‘ಟ್ರೇಡ್ ಪೇಯಬಲ್ಸ್’ ಎಂಬುದನ್ನು ಹುಡುಕಿ. ಸಣ್ಣ ಉದ್ಯಮಗಳಿಗೆ ಎಷ್ಟು ಬಾಕಿ, ಎಷ್ಟು ಕಾಲದಿಂದ ಬಾಕಿ ಎಂದು ಅಲ್ಲಿ ಬರೆದಿರಲೇಬೇಕು. ವಾರ್ಷಿಕ ಸಭೆಯಲ್ಲಿ ಅದನ್ನೇ ಕೇಳಿ. ಇನ್ನು ನಿಮ್ಮಲ್ಲಿ ಯಾರಾದರೂ ಬಿಲ್ಲು ಪಾಸು ಮಾಡುವ ಕುರ್ಚಿಯಲ್ಲಿ ಕೂತವರಿದ್ದರೆ, ನಾಳೆ ಬೆಳಿಗ್ಗೆ ಕಚೇರಿಗೆ ಹೋದ ಕೂಡಲೇ 45 ದಿನ ದಾಟಿದ ಒಂದು ಬಿಲ್ಲನ್ನು ಹುಡುಕಿ ತೆಗೆಯಿರಿ, ಅವತ್ತೇ ಪಾಸು ಮಾಡಿ. 7ನೇ ತಾರೀಕು ಹತ್ತಿರ ಬರುತ್ತಿದೆ.