ದಿನಾ ಹಾಕ್ಕೊಳ್ಳೋ ಸೆಂಟು: ಕೊಳ್ಳೋಕೆ ಮುಂಚೆ ಒಂದು ದಿನ ಕಾಯಿರಿ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ ಇವತ್ತಿನ ವಿಷಯ ಬೇಗ ಅರ್ಥ ಆಗುತ್ತೆ. ಯಾಕಂದ್ರೆ ಪಕ್ಕದಲ್ಲಿ ಕಂಬಿ ಹಿಡಿದಿರೋರ ಕಂಕುಳು ಈಗ ಸರಿಯಾಗಿ ನಿಮ್ಮ ಮೂಗಿನ ಎತ್ತರಕ್ಕೇ ಇರುತ್ತೆ! ಹೌದು, ಇವತ್ತು ಪರ್ಫ್ಯೂಮ್ ಬಗ್ಗೆ ಮಾತಾಡೋಣ. ನಮ್ಮೂರ ಮಾತಲ್ಲಿ ಸೆಂಟು. ಆಫೀಸಿಗೂ ಆಗ್ಬೇಕು, ಸಂಜೆ ಫ್ರೆಂಡ್ಸ್ ಜೊತೆ ಹೋಗೋಕೂ ಆಗ್ಬೇಕು, ಮನೆ ಫಂಕ್ಷನ್‌ಗೂ ಆಗ್ಬೇಕು, ಫ್ರೆಶ್ ಆಗಿರ್ಬೇಕು. ಹುಡುಗರು ಇಂಥ ಒಂದೇ ಒಂದು ಬಾಟ್ಲಿ ತಗೊಳ್ಳೋದಾದ್ರೆ ಹೇಗೆ ಆರಿಸ್ಬೇಕು?

ಮೊದ್ಲೇ ಹೇಳ್ಬಿಡ್ತೀನಿ, ನಾನು ಓದಿದ್ದು ಬಿಕಾಂ, ಕೆಮಿಸ್ಟ್ರಿ ಅಲ್ಲ. ಈ ವಿಷಯ ಕಲಿತಿದ್ದು ದುಡ್ಡು ಕಳ್ಕೊಂಡು.

ಆರು ವರ್ಷದ ಹಿಂದೆ ಬೆಂಗಳೂರಲ್ಲಿ ಮೊದಲನೇ ಕೆಲಸ. ಅಕೌಂಟ್ಸ್ ಸೆಕ್ಷನ್, ಹದಿನೆಂಟು ಸಾವಿರ ಸಂಬಳ. ಕೆಂಗೇರಿಯಿಂದ ಜಯನಗರಕ್ಕೆ ಬಸ್ಸು. ಆಫೀಸ್ ಮುಟ್ಟೋ ಹೊತ್ತಿಗೆ ಶರ್ಟಿನ ಬೆನ್ನು ಒದ್ದೆ. ಲಿಫ್ಟಲ್ಲಿ ಜನ ಇದ್ರೆ ನಾನು ಮೆಟ್ಟಿಲು ಹತ್ತುತಿದ್ದೆ, ಅಷ್ಟು ನಾಚಿಕೆ. ಒಂದು ವಿಡಿಯೋ ನೋಡಿ, ಮೊದಲ ಸಂಬಳ ಬಂದ ದಿನಾನೇ 6,200 ರೂಪಾಯಿದು ಒಂದು ಬಾಟ್ಲಿ ಆರ್ಡರ್ ಮಾಡಿದೆ. ಮೂಸಿ ಕೂಡ ನೋಡಿರ್ಲಿಲ್ಲ. ಅಮ್ಮಂಗೆ ಐದು ಸಾವಿರ ಕಳಿಸ್ತೀನಿ ಅಂದಿದ್ದೆ. ಕಳಿಸಿದ್ದು ಒಂದೂವರೆ ಸಾವಿರ. ಅಮ್ಮ ಫೋನಲ್ಲಿ, “ಮೊದಲನೇ ತಿಂಗಳಲ್ವಾ ಮಗಾ, ಖರ್ಚಿರುತ್ತೆ ಬಿಡು” ಅಂದ್ರು. ಯಾವುದಕ್ಕೆ ಖರ್ಚಾಯ್ತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಾಟ್ಲಿ ಬಂತು. ಹೊಡ್ಕೊಂಡ ತಕ್ಷಣ ನಿಂಬೆಹಣ್ಣು ಕುಯ್ದಂಗೆ ಘಮಘಮ. ಆಫೀಸ್ ತಲುಪೋ ಹೊತ್ತಿಗೆ ನನ್ನ ಮೂಗಿಗೆ ಏನೂ ಬರ್ತಿರ್ಲಿಲ್ಲ. ಹಾರಿಹೋಯ್ತು ಅಂದ್ಕೊಂಡು ಬಾತ್‌ರೂಮಿಗೆ ಹೋಗಿ ಇನ್ನೂ ನಾಲ್ಕು ಸಲ ಹೊಡ್ಕೊಳ್ತಿದ್ದೆ. ಎರಡು ವಾರ ಆದ್ಮೇಲೆ ನನ್ನ ಸೀನಿಯರ್ ಮೇಡಂ ಪಕ್ಕಕ್ಕೆ ಕರೆದು, “ಬೇಜಾರ್ ಮಾಡ್ಕೋಬೇಡಪ್ಪ, ನಂಗೆ ಮೈಗ್ರೇನ್ ಇದೆ. ನೀನು ಹಾಕೋ ಸೆಂಟಿಗೆ ಹನ್ನೊಂದು ಗಂಟೆ ಅಷ್ಟೊತ್ತಿಗೆ ತಲೆ ಸಿಡಿಯೋಕೆ ಶುರುವಾಗುತ್ತೆ” ಅಂದ್ರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ವಾಸನೆ ಬರಬಾರದು ಅಂತ ತಗೊಂಡಿದ್ದೇ ಇನ್ನೊಬ್ಬರಿಗೆ ಕಾಟ ಆಗಿತ್ತು.

ಎಲ್ಲಿ ತಪ್ಪಿದೆ ಅಂತ ಆಮೇಲೆ ಕೂತು ಓದಿದೆ. ಮೂರು ಕಡೆ ತಪ್ಪಿದ್ದೆ.

ಒಂದು, ಬೆವರಿಗೆ ಸೆಂಟು ಔಷಧಿ ಅಲ್ಲ. ಬೆವರಿಗೆ ಅದರದ್ದೇ ಆದ ವಾಸನೆ ಹೆಚ್ಚೇನೂ ಇರಲ್ಲ. ಚರ್ಮದ ಮೇಲಿರೋ ಬ್ಯಾಕ್ಟೀರಿಯಾ ಅದನ್ನ ಒಡೆದಾಗ ಕಂಕುಳು ನಾರುತ್ತೆ. ಅದರ ಮೇಲೆ ಪರ್ಫ್ಯೂಮ್ ಹೊಡೆದ್ರೆ ಎರಡೂ ಸೇರಿ ಮೂರನೇದೊಂದು ವಾಸನೆ ಹುಟ್ಟುತ್ತೆ. ಸ್ನಾನ, ಒಗೆದ ಶರ್ಟು, ಕಂಕುಳಿಗೆ ಆಂಟಿಪರ್ಸ್ಪಿರಂಟ್. ಇದು ಮೊದಲು. ಡಿಯೋಡರೆಂಟ್ ಬೇರೆ, ಇದು ಬೇರೆ. ಆಂಟಿಪರ್ಸ್ಪಿರಂಟಲ್ಲಿ ಅಲ್ಯೂಮಿನಿಯಂ ಲವಣ ಇರುತ್ತೆ, ಅದು ಬೆವರನ್ನೇ ಕಡಿಮೆ ಮಾಡುತ್ತೆ. ಬಸ್ಸಿನ ನನ್ನ ಸಮಸ್ಯೆಗೆ ಬೇಕಿದ್ದಿದ್ದು ಇದು, 6,200 ರೂಪಾಯಿ ಬಾಟ್ಲಿ ಅಲ್ಲ.

ಎರಡು, ಮೊದಲ ಹತ್ತು ನಿಮಿಷದ ವಾಸನೆ ನೋಡಿ ಮರುಳಾಗಿದ್ದೆ. ನಿಂಬೆ, ಕಿತ್ತಳೆ, ಬರ್ಗಮಟ್ ಇವುಗಳ ಅಣುಗಳು ಹಗುರ, ಬೇಗ ಹಾರಿಹೋಗ್ತವೆ. ಆಮೇಲೆ ನಡುವಿನದು, ಕೊನೆಗೆ ಉಳಿಯೋದು ಮರ, ಬೇರು, ಕಸ್ತೂರಿ ತರದ ಭಾರದ ವಾಸನೆ. ನನ್ನ ಬಾಟ್ಲೀಲಿ ಕೊನೆಗೆ ಉಳೀತಿದ್ದಿದ್ದು ಸಕ್ಕರೆಪಾಕದಂಥ ಸಿಹಿ. ಮೇಡಂಗೆ ತಲೆನೋವು ತಂದಿದ್ದು ಅದು. ಅಂಗಡೀಲಿ ನಮಗೆ ಇಷ್ಟ ಆಗೋದು ಮೊದಲಿನದು, ದಿನಪೂರ್ತಿ ನಮ್ಮ ಜೊತೆ ಇರೋದು ಕೊನೇದು.

ಮೂರು, ನಮ್ಮ ಮೂಗನ್ನ ನಂಬಬಾರದು. ಒಂದೇ ವಾಸನೆ ಸ್ವಲ್ಪ ಹೊತ್ತು ಇದ್ರೆ ಮೂಗು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ನಮ್ಮ ಮನೆ ವಾಸನೆ ನಮಗೆ ಗೊತ್ತಾಗಲ್ಲ ನೋಡಿ, ಹಾಗೆ. ನಮಗೆ ಬರ್ತಿಲ್ಲ ಅಂದ ಮಾತ್ರಕ್ಕೆ ಪಕ್ಕದವರಿಗೆ ಬರ್ತಿಲ್ಲ ಅಂತಲ್ಲ.

ಸರಿ, ಈಗ ಆರಿಸೋದು. ಬಾಟ್ಲಿ ಮೇಲೆ ಏನು ಬರೆದಿದೆ ನೋಡಿ. ಕೊಲೋನ್ ಅಂದ್ರೆ ಸುಗಂಧದ ಎಣ್ಣೆ ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಭಾಗ. ಇಡಿಟಿ ಅಂದ್ರೆ ಸುಮಾರು 5ರಿಂದ 15. ಇಡಿಪಿ ಅಂದ್ರೆ 15ರಿಂದ 20. ಕೊಲೋನ್ ಹುಟ್ಟಿದ್ದು ಜರ್ಮನಿಯ ಕಲೋನ್ ಊರಲ್ಲಿ. ಅಲ್ಲಿನ ಫರೀನಾ ಮನೆತನದ ಅಂಗಡಿ ಶುರುವಾಗಿದ್ದು 1709ರಲ್ಲಿ. ಜ್ವರ ಬಂದಾಗ ಅಜ್ಜಿಯರು ಕರ್ಚೀಫಿಗೆ ಹಾಕಿ ಹಣೆ ಮೇಲೆ ಇಡ್ತಿದ್ದ ಓಡಿಕೊಲೋನ್ ಇದೇ ವಂಶದ್ದು. ತಂಪಾಗಿರುತ್ತೆ, ಬೇಗ ಹೋಗುತ್ತೆ. ಆಫೀಸಿಗೆ, ನಮ್ಮ ಸೆಕೆಗೆ, ಇಡಿಟಿ ಹದವಾದದ್ದು ಅಂತ ನನ್ನ ಅನುಭವ.

ಫ್ರೆಶ್ ಅನ್ನೋದರಲ್ಲೂ ಜಾತಿ ಇದೆ. ಸಮುದ್ರದ ಗಾಳಿ ತರದ್ದು: 1988ರ ಡೇವಿಡಾಫ್ ಕೂಲ್ ವಾಟರ್, 1996ರ ಅಕ್ವಾ ಡಿ ಜಿಯೊ ಇದಕ್ಕೆ ಹೆಸರಾದವು. ಬರೀ ನಿಂಬೆ-ಕಿತ್ತಳೆಯದ್ದು ಇನ್ನೊಂದು. ಮೂರನೇದು, ಹಣ್ಣಿನ ಹುಳಿ ಜೊತೆ ಬೇರು-ಮರದ ವಾಸನೆ: 2006ರ ಟೆರ್ ಡೆರ್ಮೆಸ್ ಕಿತ್ತಳೆ ಮತ್ತು ವೆಟಿವರ್ ಸೇರಿಸಿದ್ದು. ಇವನ್ನೇ ಕೊಳ್ಳಿ ಅಂತ ಹೇಳ್ತಿಲ್ಲ. ಅಂಗಡೀಲಿ ಮೂಸಿ ನೋಡಿ, ಯಾವ ಜಾತಿ ಇಷ್ಟ ಅಂತ ತಿಳ್ಕೊಳ್ಳಿ. ಅದೇ ಜಾತಿಯದ್ದು ಕಡಿಮೆ ಬೆಲೆಗೂ ಸಿಗುತ್ತೆ.

ಪರೀಕ್ಷೆ ಹೀಗೆ ಮಾಡಿ. ಪೇಪರ್ ಪಟ್ಟಿ ಮೇಲೆ ಮೂರಕ್ಕಿಂತ ಜಾಸ್ತಿ ಮೂಸಬೇಡಿ, ಮೂಗು ಕಲಸಿಹೋಗುತ್ತೆ. ಇಷ್ಟ ಆದ ಒಂದನ್ನ ಮಣಿಕಟ್ಟಿಗೆ ಹಾಕ್ಕೊಂಡು ಅಂಗಡಿಯಿಂದ ಹೊರಗೆ ಬನ್ನಿ. ಸೇಲ್ಸ್‌ನವರು “ಇವತ್ತೇ ಲಾಸ್ಟ್ ಆಫರ್ ಸರ್” ಅಂತಾರೆ. ಅನ್ನಲಿ. ಬಸ್ ಹತ್ತಿ, ಬಿಸಿಲಲ್ಲಿ ನಡೀರಿ, ಊಟ ಮಾಡಿ. ನಾಲ್ಕು ಗಂಟೆ ಆದ್ಮೇಲೆ ಮನೇಲಿರೋರಿಗೋ ರೂಮ್‌ಮೇಟಿಗೋ ಕೈ ಕೊಟ್ಟು, “ಹೆಂಗಿದೆ ಹೇಳು” ಅನ್ನಿ. ಆಗಲೂ ಚೆನ್ನಾಗಿದ್ರೆ ಮಾರನೇ ದಿನ ಕೊಳ್ಳಿ.

ಈಗ ಬಿಕಾಂ ಲೆಕ್ಕ. ಒಂದು ಸಲ ಒತ್ತಿದ್ರೆ ಹೆಚ್ಚುಕಮ್ಮಿ 0.1 ಎಂಎಲ್ ಬರುತ್ತೆ. 100 ಎಂಎಲ್ ಬಾಟ್ಲಿ ಅಂದ್ರೆ ಸಾವಿರ ಸಲ. ದಿನಕ್ಕೆ ನಾಲ್ಕು ಸಲ ಅಂದ್ರೆ 250 ದಿನ. ಐದು ಸಾವಿರದ ಬಾಟ್ಲಿ ದಿನಕ್ಕೆ 20 ರೂಪಾಯಿ, ಸಾವಿರದೈನೂರರದ್ದು 6 ರೂಪಾಯಿ. ನಾನಾಗ ದಿನಕ್ಕೆ ಎಂಟು ಸಲ ಹೊಡೀತಿದ್ದೆ. 6,200ರ ಲೆಕ್ಕದಲ್ಲಿ ದಿನಕ್ಕೆ ಸುಮಾರು 50 ರೂಪಾಯಿ, ಒಂದು ಮಸಾಲೆ ದೋಸೆ! ಹೊಸದು ಅಂದ್ರೆ ಮೊದಲು 10 ಎಂಎಲ್ ತಗೊಳ್ಳಿ. ಅದೇ ಲೆಕ್ಕಕ್ಕೆ 25 ದಿನ ಬರುತ್ತೆ. ಅಷ್ಟು ದಿನದಲ್ಲಿ ಬೇಜಾರಾಗಲಿಲ್ಲ ಅಂದ್ರೆ ದೊಡ್ಡದು ತಗೊಳ್ಳಿ. ತಂದದ್ದನ್ನ ಬಾತ್‌ರೂಮಲ್ಲೋ ಕಿಟಕಿ ಬಿಸಿಲಲ್ಲೋ ಇಡಬೇಡಿ, ಬೇಗ ಕೆಡುತ್ತೆ. ಬೀರು ಒಳಗೆ ಇಡಿ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಒಂದು ಭಾನುವಾರ ಶಿವಾಜಿನಗರದ ಅತ್ತರು ಅಂಗಡೀಲಿ ಸುಮ್ನೆ ನಿಂತಿದ್ದೆ. ಅಂಗಡಿಯೋರು ಖಸ್ ಅಂತ ಒಂದು ಹನಿ ಕೈಗೆ ಹಚ್ಚಿದ್ರು. ಮೂಸಿದ್ರೆ ನಮ್ಮನೆ ಅಡುಗೆಮನೆ! ಬೇಸಿಗೇಲಿ ಅಮ್ಮ ಮಣ್ಣಿನ ಮಡಕೆ ನೀರಿಗೆ ಲಾವಂಚದ ಬೇರು ಹಾಕ್ತಿದ್ರು, ಅದೇ ತಣ್ಣಗಿನ ವಾಸನೆ. ವೆಟಿವರ್ ಅಂತ ವಿಡಿಯೋದವರು ನಾಲಿಗೆ ಹೊರಳಿಸಿ ಹೇಳೋದು ನಮ್ಮ ಲಾವಂಚಕ್ಕೇ. ಆ ಹೆಸರು ಹೋಗಿದ್ದೂ ತಮಿಳಿನ ವೆಟ್ಟಿವೇರ್ ಅನ್ನೋ ಮಾತಿಂದ.

ಈಗ ನಾನು ಹಾಕೋದು ಲಾವಂಚ ಇರೋ ಒಂದು ಸಾಧಾರಣ ಇಡಿಟಿ. ಎದೆಗೆ ಎರಡು, ಕತ್ತಿಗೆ ಒಂದು, ಅಷ್ಟೇ. ಮತ್ತೆ ಹೊಡ್ಕೊಳ್ಳಲ್ಲ. ಕೆಲಸ ಬಿಡೋ ದಿನ ಮೇಡಂ ಅವರೇ, “ಇದು ಯಾವುದಪ್ಪ? ನಮ್ಮ ತಮ್ಮಂಗೆ ಹೇಳ್ಬೇಕು” ಅಂತ ಕೇಳಿದ್ರು. ಹೋದ ಯುಗಾದಿಗೆ ಊರಿಗೆ ಹೋದಾಗ, ಆ ಮೊದಲ ತಿಂಗಳ ದುಡ್ಡು ಎಲ್ಲಿ ಹೋಯ್ತು ಅಂತ ಅಮ್ಮಂಗೆ ಹೇಳಿದೆ. ಅಮ್ಮ ನಕ್ಕು, “ಬೇರು ಬೇಕಿದ್ರೆ ಇಲ್ಲೇ ಸಂತೇಲಿ ಸಿಗ್ತಿತ್ತಲ್ಲೋ” ಅಂದ್ರು.

ನೀವು ನೋಡದೆ ಕೊಂಡು ಕೈ ಸುಟ್ಕೊಂಡ ಸೆಂಟಿನ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ಹಾಕೋಣ. ಅಲ್ಲಿವರೆಗೂ ಕಮ್ಮಿ ಹೊಡ್ಕೊಳ್ಳಿ, ಚೆನ್ನಾಗಿ ಸ್ನಾನ ಮಾಡಿ. ಸಿಗೋಣ, ನಮಸ್ಕಾರ.